ಪ್ಯಾರಿಸ್ಸಿನ ಸೇತುವೆಗೆ ಹಾಕಿದ ನಮ್ಮ ಬೀಗ ಏನಾಗಿರಬಹುದು?

ಪ್ರಶ್ನೆ: 2013ರಲ್ಲಿ, ಮದುವೆಯಾದ ಹೊಸದರಲ್ಲಿ, ನಾನು ಮತ್ತು ನನ್ನ ಪತಿ ಪ್ಯಾರಿಸ್ಸಿಗೆ ಹೋಗಿದ್ದೆವು. ಸೀನ್ ನದಿಯ ಮೇಲಿನ ಪೋಂ ದೆಜಾರ್ ಎಂಬ ಸೇತುವೆಯಲ್ಲಿ ಎಲ್ಲರೂ ಮಾಡುತ್ತಿದ್ದಂತೆ ನಾವೂ ನಮ್ಮಿಬ್ಬರ ಹೆಸರು ಬರೆದ ಹಿತ್ತಾಳೆಯ ಬೀಗವೊಂದನ್ನು ಹಾಕಿ, ಒಂದು ಬೀಗದ ಕೈಯನ್ನು ನದಿಗೆ ಎಸೆದು, ಇನ್ನೊಂದನ್ನು ಮನೆಗೆ ತಂದಿಟ್ಟುಕೊಂಡೆವು. ಈಗ ಮಗಳೊಂದಿಗೆ ಮತ್ತೆ ಅಲ್ಲಿಗೆ ಹೊರಟಿದ್ದೇವೆ. ಅಲ್ಲಿನ ಬೀಗಗಳನ್ನೆಲ್ಲ ಕತ್ತರಿಸಿ ತೆಗೆದರೆಂದು ಪರಿಚಿತರೊಬ್ಬರು ಹೇಳಿದರು. ಇದನ್ನು ಕೇಳಿದಾಗಿನಿಂದ ನಮ್ಮ ಅತ್ತೆಯವರಿಗೆ ಇದು ಅಪಶಕುನವೇನೋ ಎಂಬ ಕಳವಳ. ನಿಜವಾಗಿ ಏನಾಯಿತು? ಒಂದು ಪುಟ್ಟ ಬೀಗದಿಂದ ಅಷ್ಟು ದೊಡ್ಡ ಸೇತುವೆಗೆ ಏನು ತೊಂದರೆ? ಈ ಸಲ ಬೇರೆ ಕಡೆ ಹಾಕಬಹುದೇ?

ಉತ್ತರ: ನಿಮ್ಮ ಪರಿಚಿತರು ಹೇಳಿದ್ದು ನಿಜ. ನಿಮ್ಮ ಬೀಗ ಈಗ ಅಲ್ಲಿ ಇಲ್ಲ. 2015ರ ಜೂನ್ 1ರಂದು ಪ್ಯಾರಿಸ್ ನಗರಾಡಳಿತದ ಕೆಲಸಗಾರರು ಪೋಂ ದೆಜಾರ್ ಸೇತುವೆಯ ಬೀಗ ತುಂಬಿದ ಜಾಲರಿಗಳನ್ನು ಬಿಚ್ಚಲು ಆರಂಭಿಸಿದರು. ಒಂದೊಂದೇ ಬೀಗವನ್ನು ತೆರೆಯುವುದು ಅಸಾಧ್ಯವಾಗಿದ್ದರಿಂದ ಜಾಲರಿಯ ಚೌಕಟ್ಟುಗಳನ್ನೇ ಕಳಚಿ ಲಾರಿಗಳಲ್ಲಿ ಸಾಗಿಸಲಾಯಿತು. ಹೀಗೆ ಹೊರಹೋದ ಲೋಹದ ತೂಕ ಸುಮಾರು 45 ಟನ್. ಬೀಗಗಳ ಸಂಖ್ಯೆಯನ್ನು ಏಳು ಲಕ್ಷ ಎಂದು ಕೆಲವರು, ಹತ್ತು ಲಕ್ಷದ ಹತ್ತಿರ ಎಂದು ಇನ್ನು ಕೆಲವರು ಅಂದಾಜು ಮಾಡಿದ್ದರು. 2017ರ ಮೇ ತಿಂಗಳಲ್ಲಿ ಅವುಗಳಲ್ಲೊಂದು ಪಾಲನ್ನು ಬೀಗದ ಗೊಂಚಲುಗಳ ರೂಪದಲ್ಲಿಯೇ ಹರಾಜು ಹಾಕಿ, ಬಂದ ಸುಮಾರು ಎರಡೂವರೆ ಲಕ್ಷ ಯೂರೊ ಹಣವನ್ನು ನಿರಾಶ್ರಿತರ ನೆರವಿಗೆ ದುಡಿಯುವ ಸಂಸ್ಥೆಗಳಿಗೆ ಕೊಡಲಾಯಿತು. ನಿಮ್ಮ ಬೀಗ ಯಾರದೋ ಮನೆಯ ಪಡಸಾಲೆಯಲ್ಲಿ ಗೊಂಚಲಿನ ನಡುವೆ ಇದ್ದೀತು, ಇಲ್ಲವೆ ಕರಗಿ ಬೇರೆ ವಸ್ತುವಾಗಿದ್ದೀತು. ಅದನ್ನು ಕತ್ತರಿಸಿದವರಿಗೆ ನಿಮ್ಮ ಮೇಲಾಗಲಿ ನಿಮ್ಮ ಪ್ರೀತಿಯ ಮೇಲಾಗಲಿ ಯಾವ ಮುನಿಸೂ ಇರಲಿಲ್ಲ. ಅವರಿಗೆ ಬೇರೆ ದಾರಿ ಉಳಿದಿರಲಿಲ್ಲ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಮೊದಲು ನಿಮ್ಮ ಅತ್ತೆಯವರ ಕಳವಳದ ವಿಚಾರ. ಹಿರಿಯರ ಮನಸ್ಸಿಗೆ ಹೀಗೆ ಅನ್ನಿಸುವುದು ಸಹಜ, ಏಕೆಂದರೆ ನಮ್ಮಲ್ಲಿ ಕಟ್ಟುವುದು, ಸುತ್ತುವುದು, ಗಂಟು ಹಾಕುವುದು ಎಲ್ಲವೂ ಸಂಕಲ್ಪದ ಭಾಷೆ. ಮದುವೆಯಲ್ಲಿ ಹಾಕುವ ಬ್ರಹ್ಮಗಂಟಿನಿಂದ ಹಿಡಿದು ವಟಸಾವಿತ್ರಿಯ ದಿನ ಆಲದ ಮರಕ್ಕೆ ಸುತ್ತುವ ದಾರದವರೆಗೆ, ಕಟ್ಟಿದ್ದು ಬಿಚ್ಚಬಾರದು ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ಆದರೆ ಸೇತುವೆಗೆ ಬೀಗ ಹಾಕುವ ರೂಢಿಗೆ ಅಂಥ ಹಳೆಯ ಬೇರು ಇಲ್ಲ. ಪ್ಯಾರಿಸ್ಸಿನಲ್ಲಿ ಅದು ಆರಂಭವಾದದ್ದು 2008ರ ಆಸುಪಾಸಿನಲ್ಲಿ. ನೀವು ಬೀಗ ಹಾಕುವಾಗ ಅಲ್ಲಿ ಆ ರೂಢಿಗೆ ಐದೇ ವರ್ಷ ವಯಸ್ಸಾಗಿತ್ತು.

ಅದಕ್ಕೂ ಹಿಂದೆ ಇದು ರೋಮ್‌ನಲ್ಲಿತ್ತು. ಇಟಲಿಯ ಲೇಖಕ ಫೆಡೆರಿಕೊ ಮೋಚ್ಚಾ 2006ರಲ್ಲಿ ಪ್ರಕಟಿಸಿದ ಒಂದು ಕಾದಂಬರಿಯಲ್ಲಿ ಪ್ರೇಮಿಗಳಿಬ್ಬರು ಟೈಬರ್ ನದಿಯ ಮೇಲಿನ ಪೋಂತೆ ಮಿಲ್ವಿಯೊ ಸೇತುವೆಯ ದೀಪದ ಕಂಬಕ್ಕೆ ಸರಪಳಿ ಸುತ್ತಿ, ಬೀಗ ಹಾಕಿ, ಬೀಗದ ಕೈಯನ್ನು ನೀರಿಗೆ ಎಸೆಯುತ್ತಾರೆ. ಮರುವರ್ಷವೇ ಅದು ಚಲನಚಿತ್ರವಾಯಿತು. ಇಟಲಿಯ ಹದಿಹರೆಯದವರು ಸಾಲುಗಟ್ಟಿ ಬಂದು ಅದೇ ಕಂಬಕ್ಕೆ ಬೀಗ ಹಾಕತೊಡಗಿದರು. 2007ರ ಏಪ್ರಿಲ್‌ನಲ್ಲಿ ಆ ಕಂಬ ಭಾರ ತಾಳದೆ ಬಾಗಿ ಭಾಗಶಃ ಕುಸಿಯಿತು. ಆಮೇಲೆ ಬೀಗಗಳಿಗೆಂದೇ ಸೇತುವೆಯ ಮೇಲೆ ಬೇರೆ ಕಂಬ, ಸರಪಳಿಗಳನ್ನು ಹಾಕಿಕೊಟ್ಟರೂ ಬೀಗಗಳು ಮಿತಿ ಮೀರಿದವು. 2012ರ ಸೆಪ್ಟೆಂಬರ್‌ನಲ್ಲಿ ಅಲ್ಲಿಯ ಆಡಳಿತವು ಎಲ್ಲವನ್ನೂ ತೆರವುಗೊಳಿಸಿತು. ಕ್ರಿ.ಪೂ. 109ರಲ್ಲಿ ಕಲ್ಲಿನಲ್ಲಿ ಕಟ್ಟಿದ, ಕ್ರಿ.ಶ. 312ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯ ನಿರ್ಣಾಯಕ ಯುದ್ಧವನ್ನು ಕಂಡ ಸೇತುವೆ ಅದು. ಇಂಥ ಸೇತುವೆಯ ಜೊತೆಗೆ ಒಂದು ಆಚರಣೆ ತಳುಕು ಹಾಕಿಕೊಂಡಾಗ ಆಚರಣೆಗೂ ಸೇತುವೆಯಷ್ಟೇ ವಯಸ್ಸಾಗಿರಬೇಕೆಂದು ನೋಡುವವರಿಗೆ ಅನ್ನಿಸಿಬಿಡುತ್ತದೆ. ಪ್ರವಾಸಿ ಮಾರ್ಗದರ್ಶಿಗಳು ಇದನ್ನು ‘ಪುರಾತನ ಸಂಪ್ರದಾಯ’ ಎಂದು ಹೇಳುವುದನ್ನು ನಾನೂ ಕೇಳಿದ್ದೇನೆ, ಅದು ಸರಿಯಲ್ಲ.

ಮೋಚ್ಚಾ ಅವರಿಗಿಂತ ಹಿಂದಿನ ಎರಡು ಎಳೆಗಳೂ ಇವೆ. ಹಂಗೆರಿಯ ಪೇಚ್ ಪಟ್ಟಣದಲ್ಲಿ 1980ರ ದಶಕದಿಂದಲೇ ಯುವಜನರು ಬೀದಿ ಬದಿಯ ಕಬ್ಬಿಣದ ಬೇಲಿಯೊಂದಕ್ಕೆ ಬೀಗ ಹಾಕುತ್ತಿದ್ದರು. ಸೆರ್ಬಿಯಾದ ವರ್ನ್ಯಾಚ್ಕಾ ಬಾನ್ಯಾ ಎಂಬ ಊರಿನ ‘ಪ್ರೇಮದ ಸೇತುವೆ’ಗೆ ಅಂಟಿದ ಕಥೆ ಇನ್ನೂ ಹಿಂದಿನದು. ಆ ಊರಿನ ಶಾಲಾ ಶಿಕ್ಷಕಿ ನಾದಾ ಮತ್ತು ಸೈನ್ಯಾಧಿಕಾರಿ ರೆಲ್ಯಾ ಪ್ರೀತಿಸುತ್ತಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಗ್ರೀಸ್‌ಗೆ ಹೋದ ರೆಲ್ಯಾ ಅಲ್ಲಿಯೇ ಇನ್ನೊಬ್ಬಳಿಗೆ ಒಲಿದು ಹಿಂತಿರುಗಲಿಲ್ಲ, ನಾದಾ ಆ ಕೊರಗಿನಲ್ಲಿಯೇ ತೀರಿಕೊಂಡಳು. ತಮಗೂ ಅವಳ ಗತಿ ಬಾರದಿರಲೆಂದು ಊರಿನ ಹುಡುಗಿಯರು ತಮ್ಮ ಮತ್ತು ತಮ್ಮ ಪ್ರಿಯರ ಹೆಸರು ಬರೆದ ಬೀಗಗಳನ್ನು ಆ ಇಬ್ಬರು ಸೇರುತ್ತಿದ್ದ ಸೇತುವೆಗೆ ಹಾಕತೊಡಗಿದರಂತೆ. ಮರೆತುಹೋಗುತ್ತಿದ್ದ ಈ ಕಥೆಯನ್ನು ಕವಯತ್ರಿ ದೆಸಾಂಕಾ ಮಕ್ಸಿಮೋವಿಚ್ ಕವಿತೆಯಾಗಿಸಿದ ಮೇಲೆ ಅದು ಮತ್ತೆ ಜನರ ಬಾಯಿಗೆ ಬಂತು. ಇದು ಜನರ ನಡುವೆ ಉಳಿದ ಕಥೆ, ದಾಖಲೆಯಲ್ಲ ಎಂಬ ಎಚ್ಚರದಿಂದಲೇ ಇದನ್ನು ಹೇಳುತ್ತಿದ್ದೇನೆ. ನಿಮ್ಮ ಅತ್ತೆಯವರಿಗೆ ಹೇಳಬಹುದಾದದ್ದು ಇಷ್ಟು: ಬೀಗ ಮುರಿದರೆ ಸಂಬಂಧ ಮುರಿಯುತ್ತದೆ ಎಂಬ ಮಾತು ಈ ಯಾವ ಕಥೆಯಲ್ಲಿಯೂ ಇಲ್ಲ. ಲಕ್ಷಾಂತರ ಜೋಡಿಗಳ ಬೀಗಗಳು ಒಂದೇ ತೀರ್ಮಾನದಿಂದ ತೆರವಾದವು, ಅದರಲ್ಲಿ ನಿಮ್ಮ ಮನೆಗೆಂದು ಬಂದ ಸೂಚನೆ ಏನೂ ಇಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಸೇತುವೆಗಳ ಸುಸ್ಥಿತಿಯನ್ನು ಪರಿಶೀಲಿಸುವ ಕೆಲಸದಲ್ಲಿ ಬಹುಕಾಲ ಕಳೆದವನಾದ್ದರಿಂದ ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ‘ಅಷ್ಟು ದೊಡ್ಡ ಸೇತುವೆಗೆ ಒಂದು ಬೀಗ’ ಎಂದು ನೀವು ಕೇಳಿದ್ದೀರಿ. ಆದರೆ ಬೀಗದ ಭಾರವನ್ನು ಮೊದಲು ಹೊರುವುದು ಸೇತುವೆಯಲ್ಲ, ಅದರ ಅಂಚಿನ ಕಟಾಂಜನ, ಎಂದರೆ ನಾವು ಸಾಮಾನ್ಯವಾಗಿ ರೇಲಿಂಗ್ ಎನ್ನುವ ಭಾಗ. ಸೇತುವೆಯ ಕಮಾನುಗಳಿಗೆ 45 ಟನ್ ಹೆಚ್ಚಿನ ಭಾರವೇನಲ್ಲ. ಹಬ್ಬದ ದಿನ ಸೇರುವ ಜನಜಂಗುಳಿಯ ತೂಕ ಅದಕ್ಕಿಂತ ಹೆಚ್ಚು. ಕಟಾಂಜನವನ್ನಾದರೋ ಕಟ್ಟುವುದು ಬೇರೆಯೇ ಉದ್ದೇಶಕ್ಕಾಗಿ: ಒರಗಿದವರನ್ನು, ನೂಕುನುಗ್ಗಲಿನಲ್ಲಿ ಅಂಚಿಗೆ ತಳ್ಳಲ್ಪಟ್ಟವರನ್ನು, ಓಡಿಬಂದು ಡಿಕ್ಕಿ ಹೊಡೆದ ಮಗುವನ್ನು ಕೆಳಗೆ ಬೀಳದಂತೆ ತಡೆಯುವುದು. ಮೇಲಿನ ಹಿಡಿಕಂಬಿ ಮತ್ತು ನಿಲುಗಂಬಗಳು ಈ ಒತ್ತಡವನ್ನು ಹೊರುತ್ತವೆ. ನಡುವಿನ ತಂತಿಜಾಲರಿ ಇರುವುದು ಮಕ್ಕಳು ಸಂದಿನಿಂದ ನುಸುಳದಿರಲೆಂದು ಮಾತ್ರ, ಅದು ತನ್ನ ತೂಕವನ್ನಲ್ಲದೆ ಬೇರೇನನ್ನೂ ಸದಾಕಾಲ ಹೊರಬೇಕೆಂದು ಯಾರೂ ಲೆಕ್ಕ ಹಾಕಿರುವುದಿಲ್ಲ. ಪ್ಯಾರಿಸ್ಸಿನಲ್ಲಿ ಬೀಗಗಳು ಬಿದ್ದದ್ದು ಸರಿಯಾಗಿ ಈ ಜಾಲರಿಯ ಮೇಲೆ.

ಒಂದು ಸರಳ ಲೆಕ್ಕ ಮಾಡೋಣ. ಪೋಂ ದೆಜಾರ್‌ನ ಉದ್ದ 155 ಮೀಟರ್. ಎರಡೂ ಬದಿ ಸೇರಿದರೆ 310 ಮೀಟರ್ ಕಟಾಂಜನ. 45 ಟನ್ ತೂಕವನ್ನು ಅದರ ಮೇಲೆ ಸಮನಾಗಿ ಹಂಚಿದರೆ ಪ್ರತಿ ಮೀಟರಿಗೆ ಸುಮಾರು 145 ಕಿಲೊ ಬರುತ್ತದೆ. ಜನ ಹೆಚ್ಚು ನಿಲ್ಲುವ ಜಾಗಗಳಲ್ಲಿ ಬೀಗಗಳು ಪದರ ಪದರವಾಗಿ, ಬೀಗದ ಕೊಂಡಿಗೆ ಇನ್ನೊಂದು ಬೀಗ ಎಂಬಂತೆ ಜೋತಾಡುತ್ತಿದ್ದುದರಿಂದ ಅಲ್ಲಿನ ಭಾರ ಈ ಸರಾಸರಿಗಿಂತ ಬಹಳ ಹೆಚ್ಚಿರಲೇಬೇಕು. ಹೋಲಿಕೆಗಾಗಿ ನಮ್ಮಲ್ಲಿಯ ನಿಯಮವನ್ನು ನೋಡಿ: ಕಾಲುದಾರಿಯ ಕಟಾಂಜನದ ಮೇಲ್ತುದಿಯಲ್ಲಿ ಮೀಟರಿಗೆ 150 ಕಿಲೊ ಅಡ್ಡ ಒತ್ತಡವನ್ನೂ 150 ಕಿಲೊ ನೇರ ಭಾರವನ್ನೂ ಏಕಕಾಲಕ್ಕೆ ತಾಳುವಂತೆ ಅದನ್ನು ವಿನ್ಯಾಸ ಮಾಡಬೇಕೆಂದು, ರಸ್ತೆ ಮತ್ತು ಸೇತುವೆಗಳ ಮಾನದಂಡಗಳನ್ನು ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸಂಹಿತೆ ಹೇಳುತ್ತದೆ. ಫ್ರಾನ್ಸಿನ ನಿಯಮ ಬೇರೆ, ಆದ್ದರಿಂದ ಇದನ್ನು ಅಳತೆಯ ಅಂದಾಜಿಗೆ ಮಾತ್ರ ತೆಗೆದುಕೊಳ್ಳಿ. ಆದರೂ ವಿಷಯ ಸ್ಪಷ್ಟ. ಆಪತ್ತಿನ ಗಳಿಗೆಗೆಂದು ಕಾಯ್ದಿರಿಸಿದ ಶಕ್ತಿಯ ದೊಡ್ಡ ಪಾಲನ್ನು ಬೀಗಗಳು ಹಗಲಿರುಳು ಉಣ್ಣುತ್ತಿದ್ದವು. ಪ್ರತಿ ಮೀಟರಿಗೆ ಇಬ್ಬರು ವಯಸ್ಕರು ವರ್ಷಗಟ್ಟಲೆ ಕೆಳಗಿಳಿಯದೆ ಜೋತುಬಿದ್ದಿದ್ದರೆ ಹೇಗಿರುತ್ತದೋ ಹಾಗೆ. ಹೀಗಿರುವಾಗ ನಿಜವಾದ ಮನುಷ್ಯನೊಬ್ಬ ಬಂದು ಒರಗಿದರೆ ಅವನ ಪಾಲಿಗೆ ಉಳಿದಿರುವ ಬಲವೆಷ್ಟು?

ಅದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಒಂದೊಂದು ಬೀಗದ ತೂಕ ಸರಾಸರಿ 45ರಿಂದ 65 ಗ್ರಾಂ. ಒಂದು ಕೋಳಿಮೊಟ್ಟೆಯ ತೂಕ. ನಿಮ್ಮ ಬೀಗ ಮಾತ್ರವೇ ಅಲ್ಲಿದ್ದಿದ್ದರೆ ನೂರು ವರ್ಷವಾದರೂ ಏನೂ ಆಗುತ್ತಿರಲಿಲ್ಲ. ಹೀಗಾಗಿ ಯಾವ ಜೋಡಿಗೂ ತಾವು ತಪ್ಪು ಮಾಡುತ್ತಿದ್ದೇವೆಂದು ಅನ್ನಿಸುವುದು ಕಷ್ಟ, ನಿಮ್ಮನ್ನು ನಾನು ದೂರುವುದೂ ಇಲ್ಲ.

ತೂಕದಷ್ಟೇ ಮುಖ್ಯವಾದ ಇನ್ನೆರಡು ಸಂಗತಿಗಳು ಸಾಮಾನ್ಯವಾಗಿ ಚರ್ಚೆಗೆ ಬರುವುದಿಲ್ಲ. ಗಾಳಿ ಜಾಲರಿಯ ಮೂಲಕ ಸರಾಗವಾಗಿ ಹಾದುಹೋಗುತ್ತದೆ; ಬೀಗಗಳು ಸಂದುಗಳನ್ನೆಲ್ಲ ಮುಚ್ಚಿದಾಗ ಅದೇ ಜಾಲರಿ ಗೋಡೆಯಾಗಿ ಗಾಳಿಯ ಒತ್ತಡವನ್ನು ಪೂರ್ತಿಯಾಗಿ ತನ್ನ ಮೇಲೆ ಎಳೆದುಕೊಳ್ಳುತ್ತದೆ, ಆ ಒತ್ತಡ ನಿಲುಗಂಬಗಳ ಬುಡವನ್ನು ಮೀಟುತ್ತದೆ. ಎರಡನೆಯದು ತುಕ್ಕು. ಬೀಗದ ಕೊಂಡಿ ಗಾಳಿಗೆ ಅಲುಗಾಡುತ್ತ ಬಣ್ಣವನ್ನು ಕೆರೆದುಹಾಕುತ್ತದೆ. ಒತ್ತೊತ್ತಾಗಿರುವ ಬೀಗಗಳ ನಡುವೆ ಮಳೆನೀರು ಆರದೆ ನಿಲ್ಲುತ್ತದೆ. ಹಿತ್ತಾಳೆಯ ಬೀಗವೊಂದು ಸತುವಿನ ಲೇಪವಿರುವ ಉಕ್ಕಿಗೆ ತಾಗಿಕೊಂಡು ನೀರಿನಲ್ಲಿ ನೆನೆದರೆ ಎರಡು ಬೇರೆ ಬೇರೆ ಲೋಹಗಳ ನಡುವೆ ಪುಟ್ಟದೊಂದು ವಿದ್ಯುತ್ಕೋಶವೇ ಏರ್ಪಟ್ಟು, ಉಕ್ಕನ್ನು ಕಾಯಬೇಕಾದ ಸತು ಬೇಗ ಸವೆದುಹೋಗುತ್ತದೆ. ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ: ಕಟಾಂಜನವನ್ನು ಪರಿಶೀಲಿಸುವಾಗ ನಾವು ಮೊದಲು ಬಗ್ಗಿ ನೋಡುವುದು ನಿಲುಗಂಬದ ಬುಡದ ಬೆಸುಗೆಯನ್ನು ಮತ್ತು ಜಾಲರಿಯ ಚೌಕಟ್ಟನ್ನು ಹಿಡಿದಿರುವ ಬೋಲ್ಟುಗಳನ್ನು. ಅವೇ ಬೀಗಗಳ ಹಿಂದೆ ಮರೆಯಾಗಿಬಿಟ್ಟರೆ ಬಿರುಕು ಹುಟ್ಟಿದ್ದನ್ನು ಯಾರೂ ಕಾಣುವುದಿಲ್ಲ.

ಪ್ಯಾರಿಸ್ಸಿನಲ್ಲಿ ಕಾಣದ ಆ ದೌರ್ಬಲ್ಯ ತಾನಾಗಿಯೇ ಹೊರಬಿತ್ತು. 2014ರ ಜೂನ್ 8ರ ಭಾನುವಾರ ಸಂಜೆ ಕಟಾಂಜನದ ಸುಮಾರು ಎರಡೂವರೆ ಮೀಟರ್ ಭಾಗ ಬೀಗಗಳ ಭಾರಕ್ಕೆ ಕುಸಿಯಿತು. ಸೇತುವೆಯನ್ನು ತಕ್ಷಣ ತೆರವು ಮಾಡಲಾಯಿತು, ಅದೃಷ್ಟವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ಆ ಸೇತುವೆಯ ಕೆಳಗೆ ಪ್ರವಾಸಿ ದೋಣಿಗಳು ದಿನವಿಡೀ ಸಾಗುತ್ತಿರುತ್ತವೆ ಎಂಬುದನ್ನು ನೆನಪಿಸಿಕೊಂಡರೆ, ನೂರಾರು ಕಿಲೊ ಲೋಹ ಮೇಲಿನಿಂದ ಉದುರುವ ಸಾಧ್ಯತೆಯನ್ನು ನಗರಾಡಳಿತ ಏಕೆ ಸಹಿಸಲಾರದಾಯಿತೆಂದು ಅರ್ಥವಾಗುತ್ತದೆ. ಮೊದಲು ಅವರು ವಿನಂತಿಯನ್ನೇ ಮಾಡಿದರು: ಬೀಗದ ಬದಲು ಭಾವಚಿತ್ರ ತೆಗೆದುಕೊಂಡು ಹಂಚಿಕೊಳ್ಳಿ ಎಂಬ ಪ್ರಚಾರ ನಡೆಸಿದರು, ಕೆಲವು ಜಾಲರಿಗಳ ಜಾಗದಲ್ಲಿ ಪ್ರಯೋಗಕ್ಕೆಂದು ಗಾಜಿನ ಫಲಕ ಕೂರಿಸಿದರು. ಬೀಗಗಳು ನಿಲ್ಲಲಿಲ್ಲ. ಮುಂದಿನ ವರ್ಷ ಎಲ್ಲವನ್ನೂ ತೆಗೆದು ಇಡೀ ಉದ್ದಕ್ಕೂ ಗಾಜು ಹಾಕುವ ತೀರ್ಮಾನ ಬಂತು.

ಈ ಸೇತುವೆಯ ಹಿಂದಿನ ಚರಿತ್ರೆಯನ್ನೂ ಇಲ್ಲಿ ಹೇಳಬೇಕು. ಮೂಲ ಪೋಂ ದೆಜಾರ್ 1804ರ ಹೊತ್ತಿಗೆ ಮುಗಿದ, ಪ್ಯಾರಿಸ್ಸಿನ ಮೊದಲ ಕಬ್ಬಿಣದ ಸೇತುವೆ. ಎರಡು ಮಹಾಯುದ್ಧಗಳ ಬಾಂಬುಗಳಿಂದಲೂ ದೋಣಿಗಳ ಡಿಕ್ಕಿಗಳಿಂದಲೂ ದುರ್ಬಲವಾಗಿ 1977ರಲ್ಲಿ ಮುಚ್ಚಲ್ಪಟ್ಟಿತು. 1979ರಲ್ಲಿ ಸರಕುದೋಣಿಯೊಂದು ಬಡಿದು ಅದರ ಸುಮಾರು 60 ಮೀಟರ್ ಭಾಗ ನದಿಗೆ ಬಿತ್ತು. ಈಗ ಇರುವುದು 1981ರಿಂದ 1984ರ ನಡುವೆ ಹಳೆಯ ರೂಪವನ್ನೇ ಅನುಸರಿಸಿ, ಆದರೆ ಒಂಬತ್ತು ಕಮಾನುಗಳ ಬದಲು ಏಳನ್ನಿಟ್ಟು ಮತ್ತೆ ಕಟ್ಟಿದ್ದು. ಒಮ್ಮೆ ಕಳೆದುಕೊಂಡು ಮತ್ತೆ ಪಡೆದ ಸೇತುವೆಯ ಬಗ್ಗೆ ಊರಿನವರಿಗೆ ಎಷ್ಟು ಕಾಳಜಿಯಿರುತ್ತದೆಂಬುದು ನಮಗೆ ತಿಳಿಯದ ಸಂಗತಿಯಲ್ಲ.

ನದಿಗೆ ಎಸೆದ ಬೀಗದ ಕೈಯ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಅಂಚಿನ ಬೇಲಿಗಳಿಗೂ ಜನ ಬೀಗ ಹಾಕಿ ಬೀಗದ ಕೈಯನ್ನು ಪ್ರಪಾತಕ್ಕೆ ಎಸೆಯುತ್ತಿದ್ದರು. ಅಲ್ಲಿ ವಾಸಿಸುವ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ಅಳಿವಿನಂಚಿನ ರಣಹದ್ದುಗಳಿಗೆ ಹೊಳೆಯುವ ವಸ್ತುಗಳೆಂದರೆ ಕುತೂಹಲ. ಅವು ಲೋಹದ ಚೂರುಗಳನ್ನು ನುಂಗುತ್ತವೆ, ಅರಗಿಸಿಕೊಳ್ಳಲಾರವು. ಉದ್ಯಾನದ ಅಧಿಕಾರಿಗಳು 2023ರಲ್ಲಿ ಇಂಥ ಹಕ್ಕಿಯೊಂದರ ಎಕ್ಸ್‌ರೇ ಚಿತ್ರವನ್ನೇ ತೋರಿಸಿ ಬೀಗ ಹಾಕಬೇಡಿರೆಂದು ಕೇಳಿಕೊಂಡರು.

ಹಾಗಾದರೆ ಎಲ್ಲಿಯೂ ಹಾಕಲೇಬಾರದೇ? ಜಾಗ ನೋಡಿ ಹೇಳಬೇಕು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯಲ್ಲಿ 2016ರಲ್ಲಿ ಬೀಗಗಳ ಭಾರಕ್ಕೆ ದೀಪದ ತಂತಿಯೊಂದು ಹರಿದು ಬಿದ್ದು ಸಂಚಾರವನ್ನೇ ತಡೆಯಬೇಕಾಯಿತು. ಈಗ ಅಲ್ಲಿ ಬೀಗ ಹಾಕಿದವರಿಗೆ 100 ಡಾಲರ್ ದಂಡವಿದೆ. ಮೆಲ್ಬರ್ನ್ ನಗರ 2015ರಲ್ಲಿ ತನ್ನ ಕಾಲುಸೇತುವೆಯೊಂದರಿಂದ ಸುಮಾರು 20,000 ಬೀಗಗಳನ್ನು ತೆಗೆಯಿತು. ಇನ್ನೊಂದೆಡೆ ಜರ್ಮನಿಯ ಕಲೋನ್ ನಗರದ ಹೊಹೆನ್‌ಜೊಲ್ಲೆರ್ನ್ ಸೇತುವೆಯಲ್ಲಿ 2008ರಿಂದಲೂ ಬೀಗಗಳು ಬೀಳುತ್ತಲೇ ಇವೆ. ಮೊದಲು ಆಕ್ಷೇಪಿಸಿದ ರೈಲ್ವೆಯವರು ಆಮೇಲೆ ಒಪ್ಪಿಕೊಂಡರು. ಕಾರಣ ಎಂಜಿನಿಯರಿಂಗಿನದೇ. ಅದು ದಿನಕ್ಕೆ ಸಾವಿರಕ್ಕೂ ಹೆಚ್ಚು ರೈಲುಗಳು ಹಾಯುವ ಭಾರೀ ಸೇತುವೆ, ಬೀಗಗಳು ಇರುವುದು ನದಿಯ ಕಡೆಯ ಅಂಚಿನಲ್ಲಲ್ಲ, ಹಳಿಗಳನ್ನೂ ಕಾಲುದಾರಿಯನ್ನೂ ಬೇರ್ಪಡಿಸುವ ಬೇಲಿಯ ಮೇಲೆ. ನನಗೆ ಇದಕ್ಕಿಂತ ಒಪ್ಪಿಗೆಯಾಗುವುದು ಬೀಗಗಳಿಗೆಂದೇ ಜಾಗ ಮಾಡಿಕೊಟ್ಟ ಊರುಗಳ ದಾರಿ. ಮಾಸ್ಕೋದ ಲುಜ್ಕೋವ್ ಸೇತುವೆಯಲ್ಲಿ ಲೋಹದ ಮರಗಳನ್ನು ನಿಲ್ಲಿಸಿದ್ದಾರೆ, ಸೋಲ್ ನಗರದ ನಮ್ಸಾನ್ ಗುಡ್ಡದ ಗೋಪುರದ ಬಳಿಯೂ ಅಂಥವೇ ಚೌಕಟ್ಟುಗಳಿವೆ. ಜಪಾನಿನ ಎನೋಶಿಮಾ ದ್ವೀಪದಲ್ಲಿ ಜೋಡಿಗಳು ಒಂದು ಗಂಟೆ ಬಾರಿಸಿ ಪಕ್ಕದ ಬೇಲಿಗೆ ಬೀಗ ಹಾಕುತ್ತಾರೆ. ಆ ಗಂಟೆಯ ಹಿಂದಿರುವುದು ದೇವತೆ ಬೆಂಜೈಟೆನ್‌ಳಿಗೆ ಮನಸೋತ ಡ್ರ್ಯಾಗನ್‌ನ ಕಥೆ. ಬೆಂಜೈಟೆನ್ ಎಂದರೆ ಬೌದ್ಧ ಧರ್ಮದ ಜೊತೆ ಜಪಾನಿಗೆ ಹೋದ ನಮ್ಮ ಸರಸ್ವತಿಯೇ ಎಂಬುದು ನಿಮ್ಮ ಅತ್ತೆಯವರಿಗೆ ಹಿತವೆನಿಸಬಹುದು. ಯಲ್ಲಾಪುರದ ಬಳಿಯ ಚಂದಗುಳಿಯಲ್ಲಿ ಗಣಪತಿಗೆ ಹರಕೆಯ ಗಂಟೆ ಕಟ್ಟುವುದನ್ನು ನೀವು ಕಂಡಿರಬಹುದು. ಅಲ್ಲಿ ಗಂಟೆಗಳನ್ನು ಸ್ವೀಕರಿಸಲು, ನೋಡಿಕೊಳ್ಳಲು ದೇವಸ್ಥಾನವಿದೆ. ಕೊಟ್ಟದ್ದನ್ನು ಹೊರಲು ಒಪ್ಪಿದವರು ಇರಬೇಕು, ನಾನು ನೋಡುವುದು ಅದನ್ನೇ. ಸಾರ್ವಜನಿಕ ಸೇತುವೆಯ ಜಾಲರಿ ಹಾಗೆ ಒಪ್ಪಿಕೊಂಡಿಲ್ಲ.

ಆದ್ದರಿಂದ ಪ್ಯಾರಿಸ್ಸಿನಲ್ಲಿ ಈ ಸಲ ಎಲ್ಲಿಯೂ ಬೀಗ ಹಾಕಬೇಡಿರೆಂದೇ ನನ್ನ ಸಲಹೆ. ಪೋಂ ದೆಜಾರ್‌ನಲ್ಲಿ ಕೊಂಡಿ ಸಿಕ್ಕಿಸಲು ಜಾಲರಿಯೇ ಇಲ್ಲವೆಂದು ಕೆಲವರು ಪಕ್ಕದ ಸೇತುವೆಗಳಿಗೆ ಹೋಗುತ್ತಾರೆ. ದಾರಿಬದಿಯಲ್ಲಿ ಬೀಗ ಮಾರುವವರು ‘ಇಲ್ಲಿ ಪರವಾಗಿಲ್ಲ’ ಎಂದು ಹೇಳಿದರೂ ನಂಬಬೇಡಿ, ಅಲ್ಲಿಯೂ ತೆಗೆಯುವ ಕೆಲಸ ನಡೆಯುತ್ತಲೇ ಇರುತ್ತದೆ. ಮನೆಯಲ್ಲಿರುವ ಬೀಗದ ಕೈಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಗಳಿಗೆ ತೋರಿಸಲು ಬೇಕಾದರೆ ಜೊತೆಗೆ ಒಯ್ಯಿರಿ, ನದಿಗೆ ಮಾತ್ರ ಹಾಕಬೇಡಿ. ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲು ಹೋಗಿ, ಸೇತುವೆಯ ನಡುವೆ ಪೂರ್ವದ ಕಡೆಯ ಅಂಚಿನಲ್ಲಿ ನಿಲ್ಲಿರಿ. ನದಿ ಅಲ್ಲಿ ಎರಡಾಗಿ ಸೀಳಿ ‘ಇಲ್ ದ ಲಾ ಸಿತೆ’ ಎಂಬ ದ್ವೀಪವನ್ನು ಬಳಸಿ ಬರುತ್ತದೆ, ದ್ವೀಪದ ಮೊನಚಾದ ತುದಿಯೂ ಅದರ ಹಿಂದೆ ಪೋಂ ನಫ್ ಸೇತುವೆಯ ಕಮಾನುಗಳೂ ಪಡುವಣ ಬೆಳಕಿನಲ್ಲಿ ತೋರುತ್ತವೆ. 2013ರಲ್ಲಿ ನೀವು ಅಲ್ಲಿ ನಿಂತಿದ್ದಾಗ ನಿಮ್ಮ ಮಗಳ ಎತ್ತರದ ಮಗುವಿಗೆ ಆ ನೋಟ ಸಿಗುತ್ತಿರಲಿಲ್ಲ, ಬೀಗಗಳು ಅದನ್ನು ಮುಚ್ಚಿದ್ದವು. ಈಗ ಗಾಜಿನ ಮೂಲಕ ಅವಳಿಗೂ ಕಾಣುತ್ತದೆ.